ನೆಲದಿಂದ ಏಳುವ ಪಾಠ

ಗೋರ್ನಾ ಸ್ಲಿವಾ
ಅಕ್ಟೋಬರ್ ೧೪

ಮುದ್ದು ಮೊಮ್ಮಗಳು ಕಲೀನಾಳಿಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾಯಿತೆಂದು ಬೈಯಬೇಡ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಕೈ ಇದು. ಪೆನ್ನನ್ನೂ ಸಲಿಕೆಯ ಹಾಗೆ ಹಿಡಿಯುತ್ತದೆ. ನಾನು ಚೆನ್ನಾಗಿದ್ದೇನೆ, ಮೇಕೆಯೂ ಚೆನ್ನಾಗಿದೆ. ಪ್ಲೋವ್ದಿವ್ ಆಸ್ಪತ್ರೆಯಲ್ಲಿ ಊರವರ ಮಂಡಿಯನ್ನೆಲ್ಲ ತಿದ್ದುವ ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀ ತಾನೆ?

ನೀನು ಬರೆದುಕೊಟ್ಟ ವ್ಯಾಯಾಮದ ಪಾಠವನ್ನು ಊರಿನ ಓದುಮನೆಯಲ್ಲಿ ಶುರು ಮಾಡಿದೆ. ಏಳು ಜನ ಮುದುಕಿಯರು ಬಂದರು. ಜಾರದಂತೆ ಕುರ್ಚಿಗಳನ್ನು ಗೋಡೆಗೆ ಒತ್ತಿಟ್ಟೆ. ಉಣ್ಣೆಯ ಕಾಲುಚೀಲದಲ್ಲಿ ಬಂದ ವೆಲಿಕಾಳನ್ನು ಬೂಟು ಹಾಕಿಕೊಂಡು ಬಾ ಎಂದು ಮನೆಗೆ ಅಟ್ಟಿದೆ. ಎದೆನೋವಿನ ಸ್ತೊಯ್ನಾಳಿಗೆ, ಮಾತಾಡಲು ಉಸಿರು ಸಾಲದಿದ್ದರೆ ಕೂತುಬಿಡು ಎಂದೆ. ಅವಳಿಗೆ ಮಾತಿಗೆ ಉಸಿರು ಎಂದೂ ಕಡಿಮೆಯಾಗಿಲ್ಲ. ಹತ್ತು ಸಲ ಎದ್ದು ಕೂರುವುದು ಬೇಸರ ಎಂದು ಪೆನಾ ಗೊಣಗಿದಾಗ, ಎಣಿಸಬೇಡಿ, ಒಂದೊಂದು ಸಲ ಏಳುವಾಗಲೂ ಗಂಡನ ಒಂದೊಂದು ತಪ್ಪು ಹೇಳಿ ಎಂದೆ. ಪೆನಾ ಇಪ್ಪತ್ತೆರಡಕ್ಕೆ ಹೋದಳು. ನಾನೇ ಹಿಡಿದು ಕೂರಿಸಬೇಕಾಯಿತು.

ಆಮೇಲೆ ನಿನ್ನ ಕೊನೆಯ ಹಾಳೆ, ಬಿದ್ದವರು ನೆಲದಿಂದ ಏಳುವ ಪಾಠ. ಅದೊಂದಕ್ಕಾಗಿಯೇ ನಾನು ಇಷ್ಟೆಲ್ಲ ಮಾಡಿದ್ದು. ಪಟ್ಟೆ ಕಂಬಳಿ ಹಾಸಿದೆ. ಒಬ್ಬಳೂ ಮಲಗಲಿಲ್ಲ. ಎಲ್ಲರೂ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು.

“ಯೊರ್ದಾನಕ್ಕ, ನೆಲದ ಕಂಬಳಿ ಮೇಲೆ ಮಲಗಿಸೋದು ಹೆಣಾನ,” ಎಂದಳು ಸ್ತೊಯ್ನಾ. “ನನ್ನ ಸರದಿ ಬಂದಾಗ ನೀವೇ ಮಲಗಿಸ್ತೀರಲ್ಲ, ಈಗಲೇ ಯಾಕೆ ಅಭ್ಯಾಸ?”

“ಏಳೋದಕ್ಕೆ ಕಣೇ ಮಲಗೋದು,” ಎಂದೆ.

“ಅಲ್ಲಿಂದ ಎದ್ದವರನ್ನ ನಾನಂತೂ ನೋಡಿಲ್ಲ.”

ನಾನೇ ಮಲಗಿದೆ. ಹಾಳೆಯಲ್ಲಿದ್ದಂತೆ ಪಕ್ಕಕ್ಕೆ ಹೊರಳಿದೆ, ಮೊಣಕೈ ಊರಿದೆ. ಮಂಡಿ ಮಾತ್ರ ಮಡಚಲಿಲ್ಲ. ಕುರ್ಚಿ ಒಂದು ಮೊಳ ದೂರದಲ್ಲಿತ್ತು ಕಲೀನಾ, ಒಂದೇ ಮೊಳ. ಸುತ್ತ ನಿಂತ ಹದಿನಾಲ್ಕು ಕಾಲುಗಳಲ್ಲಿ ಒಂದೂ ಹತ್ತಿರ ಬರಲಿಲ್ಲ. ಸಾವಿನ ಮನೆಗಳಲ್ಲಿ ಹಾಡಿಕೊಂಡು ಅಳುವ ವೆಲಿಕಾ ರೂಢಿಯ ಮೇಲೆ ಬಾಯಿ ತೆರೆದಳು. “ಮುಚ್ಚೇ, ಇನ್ನೂ ಇದೀನಿ,” ಎಂದೆ. ಅಷ್ಟರಲ್ಲಿ ನನ್ನ ಕೈ ನನ್ನನ್ನು ಕೇಳದೆ ನೆಲದ ಹಲಗೆಯನ್ನು ತಟ್ಟತೊಡಗಿತ್ತು. ಯಾಕೆ ತಟ್ಟುತ್ತೀ ಎಂದು ಪೆನಾ ಕೇಳಿದಳು. ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಕೊನೆಗೆ ಕಂಕುಳಿಗೆ ಕೈಹಾಕಿ ಎಳೆದು ನಿಲ್ಲಿಸಿದರು, ಮಾಡಬಾರದೆಂದು ನೀನು ಎರಡು ಗೆರೆ ಎಳೆದು ಬರೆದದ್ದನ್ನೇ.

ಮಾರನೆಯ ದಿನದಿಂದ ಯಾರೂ ಬರುತ್ತಿಲ್ಲ. ದಿನಾ ಹತ್ತು ಗಂಟೆಗೆ ಏಳು ಕುರ್ಚಿ ಹಾಕಿಕೊಂಡು ಕೂರುತ್ತೇನೆ, ಹನ್ನೊಂದಕ್ಕೆ ಎತ್ತಿಡುತ್ತೇನೆ. ಪೆನಾಳ ಬಾಗಿಲಿಗೆ ಹೋಗಿ ಬೇಡಿದೆ, ಬೈದೆ, ಮತ್ತೆ ಬೇಡಿದೆ. ಈ ಇಪ್ಪತ್ತಾರಕ್ಕೆ ಸಂತ ದಿಮಿತರ್ ಹಬ್ಬ, ಅದು ಕಳೆದರೆ ಹಿಮ. ಆಮೇಲೆ ಒಬ್ಬೊಬ್ಬಳೂ ತನ್ನ ತನ್ನ ಅಡುಗೆಮನೆಯಲ್ಲಿ, ಬಾಗಿಲು ಹಾಕಿಕೊಂಡು. ಹಬ್ಬದೊಳಗೆ ಒಂದು ದಿನ ಬಾ. ಅವರ ಕಣ್ಣೆದುರು ಮಲಗಿ, ಎದ್ದು ತೋರಿಸು. ರಜೆ ಸಿಗದಿದ್ದರೆ, ಕಂಬಳಿಯಿಲ್ಲದೆ ಮಂಚದ ಮೇಲಾದರೂ ಕಲಿಸಲು ಬರುತ್ತದೆಯೇ, ಬರೆ. ನನ್ನ ಕೈಯಲ್ಲಿ ಇನ್ನು ಆಗುತ್ತಿಲ್ಲ.

ದೇವಮಾತೆ ನಿನ್ನನ್ನು ಕಾಯಲಿ. ನನ್ನ ವಯಸ್ಸಿನವರೆಗೂ ನಿನ್ನ ಮಂಡಿಗಳು ನಿನ್ನ ಮಾತು ಕೇಳಲಿ.

ನಿನ್ನ ಅಜ್ಜಿ,
ಯೊರ್ದಾನಾ

ತಾ. ಕ.: ಪಕ್ಕದ ಮನೆಯ ನೆದೆಲ್ಕಾ ನಿದ್ದೆಯಲ್ಲೇ ಹೋದಳು ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದೆನಲ್ಲ, ಅದು ಸುಳ್ಳು. ನಮ್ಮಿಬ್ಬರ ಅಡುಗೆಮನೆಗೆ ಒಂದೇ ಗೋಡೆ. ಅಕ್ರೋಟು ಮರದ ಒಂದು ಕೊಂಬೆಗಾಗಿ ಜಗಳವಾಡಿ ಬೇಸಿಗೆಯಿಂದ ಮಾತು ಬಿಟ್ಟಿದ್ದೆವು. ಆ ಬೆಳಿಗ್ಗೆ ನಾನು ಚಳಿಗಾಲಕ್ಕೆಂದು ಮೆಣಸಿನಕಾಯಿ ಸುಡುತ್ತಿದ್ದಾಗ ಗೋಡೆ ತಟ್ಟಿದ ಸದ್ದಾಯಿತು, ತೀರ ಕೆಳಗಡೆ, ನೆಲದ ಹತ್ತಿರ. ಹೊಗೆಗೆ ತಕರಾರು ತೆಗೆಯುತ್ತಿದ್ದಾಳೆ ಎಂದುಕೊಂಡು ಲಟ್ಟಣಿಗೆಯಿಂದ ಜೋರಾಗಿ ಬಡಿದೆ. ಅವಳು ತಟ್ಟಿದಳು, ನಾನು ಬಡಿದೆ. ಮತ್ತೆ ತಟ್ಟಿದಳು, ಮತ್ತೆ ಬಡಿದೆ. ಎರಡು ದಿನದ ಮೇಲೆ ಬಾಗಿಲು ಒಡೆದಾಗ ಗೋಡೆಯ ಬುಡದಲ್ಲಿ ಬಿದ್ದಿದ್ದಳು, ಕೈಯಲ್ಲಿ ಮರದ ಸೌಟು. ಆವತ್ತು ಮಧ್ಯಾಹ್ನ ಅವಳ ಸದ್ದು ನಿಂತಾಗ, ನಾನೇ ಗೆದ್ದೆ ಎಂದುಕೊಂಡು ಹೊಟ್ಟೆ ತುಂಬ ಉಂಡಿದ್ದೆ.