ಜೋಡಿ ಸಿಗದವರ ಜಾಗ

ಮುಂಬಯಿ

ಹೆಬ್ಬಳ್ಳಿಯ ಅಕ್ಕನಿಗೆ ತಮ್ಮನ ಶರಣು.

ನಿನ್ನ ಮಗಳು ಭಾಗ್ಯಶ್ರೀ ತನ್ನ ಪ್ರಯೋಗಾಲಯ ತೋರಿಸಿದಳು. ಹಿಮಕ್ಕಿಂತ ಎಷ್ಟೋ ತಣ್ಣಗಿನ ಪೀಪಾಯಿಯೊಳಗೆ ಜೋಳದ ಕಾಳಿನಷ್ಟು ಲೋಹ. ಅದರಲ್ಲಿ ಎರಡು ಪಂಗಡದ ಎಲೆಕ್ಟ್ರಾನುಗಳು ಒಂದಕ್ಕೊಂದು ಜೋಡಿಯಾಗಿ ಹರಿದರೆ ಕರೆಂಟಿಗೆ ತಡೆಯೇ ಇಲ್ಲವಂತೆ. ಅಯಸ್ಕಾಂತದ ಬಲ ಏರಿಸಿದರೆ ಒಂದು ಪಂಗಡ ಹೆಚ್ಚಾಗಿ, ಕೆಲವಕ್ಕೆ ಜೋಡಿಯೇ ಸಿಗುವುದಿಲ್ಲ.

"ಅವನ್ನ ಹೊರಗ ದಬ್ಬತಾವೇನವಾ?" ಎಂದೆ.

"ಇಲ್ಲ ಮಾಮಾ, ಈ ಲೋಹದಾಗ ಜೋಡಿಗೋಳು ಸರದು ನಡುವ ಜಾಗಾ ಬಿಡ್ತಾವ," ಎಂದವಳ ಕಣ್ಣು ತುಂಬಿತು. "ಈಗ ನನ್ನ ಮದುವಿ ಬಂತು, ಅದರಾಗ ಅವ್ವಗ ಮಾತ್ರ ಅಡಗಿಮನಿ ಬಾಗಲ ಹಿಂದ ಜಾಗಾ."

ಭಾವ ತೀರಿಹೋದ ಮೇಲೆ ನಿನ್ನನ್ನು ಒಂದು ಮಂಟಪದಲ್ಲೂ ಕಾಣಲಿಲ್ಲ. ವಚನ ಹಾಡುವ ಮನೆಯಲ್ಲಿ ಇದೆಂಥ ಹೊಲಸು ಪದ್ಧತಿ! ನೀನು ಮುಂದೆ ನಿಲ್ಲುವುದನ್ನು ನೋಡಲು ಜೀವ ಹಂಬಲಿಸುತ್ತಿದೆ.

ನನ್ನ ಮಂಡಿನೋವು ಕಡಿಮೆ. ನಾನೂ ಭಾಗ್ಯಶ್ರೀಯೂ ಸೋಮವಾರದ ರೈಲಿಗೆ ಹೊರಡುತ್ತೇವೆ. ಮಂಟಪದಲ್ಲಿ ಹರಸಲು ಅಕ್ಕಿಕಾಳು ಹಿಡಿದು ನಿನ್ನ ಕೈ ಮೇಲೇಳುವವರೆಗೆ ತಾಳಿಗೆ ಕೊರಳು ಬಾಗಿಸುವುದಿಲ್ಲ ಎಂದಿದ್ದಾಳೆ.

ರಾಜಶೇಖರ