ಹೊಟ್ಟೆ ತುಂಬದ ಕೌದಿ

ಹೊಳೆ ತಿರುಗಿ ಬಂದ ನಲವತ್ತೊಂದನೇ ವರ್ಷ, ಮೂರನೇ ಬೇಸಿಗೆಯ ಒಂಬತ್ತನೇ ದಿನ, ಮಧ್ಯಾಹ್ನ.

ಕಾಶವ್ವ ಆಯಿಗೆ, ನಿನ್ನ ಮಗಳು ಮಾದೇವಿಯಿಂದ ಐದನೇ ತಲೆಯವಳಾದ ಸಂಗವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ನಮಗೆ ವರ್ಷಕ್ಕೆ ಮೂರು ಬೇಸಿಗೆ. ಬತ್ತಿದ ಹೊಳೆ ಮತ್ತೆ ಹರಿದ ದಿನದಿಂದ ನಾವು ವರ್ಷ ಎಣಿಸುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೋ. ನಮ್ಮಲ್ಲಿ ಹಿಮ್ಮುಖ ಅಂಚೆ ಎಂಬುದೊಂದಿದೆ. ಒಬ್ಬರು ಜೀವಮಾನದಲ್ಲಿ ಒಂದೇ ಒಂದು ಹಾಳೆಯನ್ನು ಹಿಂದಿನ ಕಾಲಕ್ಕೆ ಕಳಿಸಬಹುದು. ಬುದ್ಧಿ ಇದ್ದವರು ಅದನ್ನು ಮುಪ್ಪಿಗೆಂದು ಕಾದಿಟ್ಟುಕೊಳ್ಳುತ್ತಾರೆ. ನನಗಿನ್ನೂ ಐವತ್ತೆರಡು, ಕಾಯುವ ಜಾಯಮಾನ ನನ್ನದಲ್ಲ. ಈ ಹಾಳೆ ನೀನು ಮಡಿಚಿಟ್ಟ ಕೌದಿಯ ಪದರಿನಲ್ಲೇ ನಿನಗೆ ಸಿಗುತ್ತದೆ.

ಹೌದು, ಅದೇ ಕೌದಿ. ಮಾದೇವಿಯ ಮದುವೆಗೆಂದು ನೀನು ನಿನ್ನ ಹಳೆಯ ಇಳಕಲ್ ಸೀರೆಯನ್ನು ಕೆಳಗೆ ಹಾಸಿ, ಮೇಲೆ ಅವಳ ಶಾಲೆಯ ನೀಲಿ ಲಂಗದ ತುಂಡುಗಳನ್ನು ಜೋಡಿಸಿ, ನಾಲ್ಕೂ ಅಂಚಿನಿಂದ ಸುತ್ತುತ್ತ ಒಳಗೆ ಹೊಲಿದುಕೊಂಡು ಬಂದಿದ್ದೆ. ನಡುವೆ ಅಂಗೈಯಗಲ ಜಾಗ ಉಳಿದಿತ್ತು. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟೇ ಬಾಯಿ ಮುಚ್ಚಬೇಕು, ಹೊದೆಯುವವರು ಯಾವತ್ತೂ ಹಸಿಯಬಾರದೆಂದು. ಅಷ್ಟರಲ್ಲಿ ಮಾದೇವಿ ತಾನು ಮೆಚ್ಚಿದವನನ್ನು ಗದಗದಲ್ಲಿ ಮದುವೆಯಾದಳೆಂದು ಸುದ್ದಿ ಬಂತು. ನೀನು ಸೂಜಿ ಕಿತ್ತಿಟ್ಟು ಓಣಿಗೆಲ್ಲ ಕೇಳುವ ಹಾಗೆ ಹೇಳಿದೆ: “ಆಕೀ ತಾನಾಗೇ ಬಂದು ಕಾಲ ಹಿಡೀಲಿ, ಆಮ್ಯಾಲ ಇದರ ಹೊಟ್ಟೀ ತುಂಬತೀನಿ.” ಕೌದಿಯ ಜೊತೆ ಆ ಮಾತೂ ತಾಯಿಯಿಂದ ಮಗಳಿಗೆ ಇಳಿದು ಬಂದಿದೆ. ಆ ಹೊಟ್ಟೆಯನ್ನು ಮುಚ್ಚುವ ಧೈರ್ಯ ಯಾರಿಗೂ ಬರಲಿಲ್ಲ.

ಈಗ ನನ್ನ ಕಥೆ ಕೇಳು. ನಾವು ಹಗಲೆಲ್ಲ ತಂಪುಗುಂಡಿಯಲ್ಲಿರುತ್ತೇವೆ, ಅಂದರೆ ನೆಲದಡಿ ಎರಡಾಳು ಆಳದಲ್ಲಿ ಕಟ್ಟಿದ ಮನೆಯಲ್ಲಿ. ನೀರು ಅಳತೆಯ ಮೇಲೆ ಬರುತ್ತದೆ. ಜೋಳ ಬೀಜದ ಮನೆಯಲ್ಲಿ ಮಾತ್ರ ಬೆಳೆಯುತ್ತದೆ, ಮನೆಗೆ ವರ್ಷಕ್ಕೆರಡು ಬೊಗಸೆ ಕೊಡುತ್ತಾರೆ. ಬಟ್ಟೆಯನ್ನು ಯಾರೂ ಹೊಲಿಯುವುದಿಲ್ಲ, ಇಡ್ಲಿ ಹಿಟ್ಟು ಹೊಯ್ದಂತೆ ಅಚ್ಚಿಗೆ ಹೊಯ್ಯುತ್ತೇವೆ, ಹಳತಾದರೆ ಕರಗಿಸುತ್ತೇವೆ. ಈ ಸೆಖೆಯಲ್ಲಿ ಹೊದಿಕೆ ಯಾರಿಗೆ ಬೇಕು! ಊರಿಗೆಲ್ಲ ಇರುವ ಹೊದಿಕೆ ನಿನ್ನದೊಂದೇ, ಅದೂ ಮುಗಿಯದ್ದು.

ಆದರೆ ಮುಗಿಲ ಅನ್ನುವ ನನ್ನ ಮಗಳು ಹಿಮಗಾವಲಿಗೆ ಹೊರಟಿದ್ದಾಳೆ. ಉತ್ತರದ ಬೆಟ್ಟಗಳಲ್ಲಿ ಅಷ್ಟಿಷ್ಟು ಉಳಿದ ಹಿಮಕ್ಕೆ ಬಿಳಿ ಚಾದರ ಹೊದಿಸಿ, ಕರಗದಂತೆ ಕಾಯುವ ಕೆಲಸ. ಆರು ವರ್ಷ ಬರುವಂತಿಲ್ಲ. ಇವತ್ತು ಸಂಜೆ ಗಾಡಿ. ನನ್ನನ್ನು ಒಂದು ಮಾತೂ ಕೇಳದೆ ಹೆಸರು ಕೊಟ್ಟಳು ಆಯಿ! ಹನ್ನೊಂದು ದಿನದಿಂದ ನಾನು ಅವಳ ಜೊತೆ ಮಾತು ಬಿಟ್ಟಿದ್ದೇನೆ. ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. ಪಾತ್ರೆ ತೊಳೆದದ್ದನ್ನೇ ತೊಳೆದೆ. ಕೊನೆಗೆ ಒಂದು ತಂತಿಯನ್ನು ಕಲ್ಲಿಗೆ ತಿಕ್ಕಿ ಸೂಜಿ ಮಾಡಿಕೊಂಡು ನಿನ್ನ ಕೌದಿಯನ್ನು ತೊಡೆಯ ಮೇಲೆಳೆದುಕೊಂಡೆ. ಅಲ್ಲಿ ಚಳಿ ಎಷ್ಟೆಂದು ಅವಳನ್ನು ಕೇಳಲು ಬಾಯಿ ಬರಲಿಲ್ಲ, ಅದಕ್ಕೇ ಹೊಲಿಯಲು ಕೂತೆ.

ನಿನ್ನ ಹೊಲಿಗೆ ಜೋಳದ ಕಾಳಿನಷ್ಟು ಸಣ್ಣದು, ಸಾಲು ಬಿಟ್ಟು ಸರಿದಿಲ್ಲ. ನನ್ನದು ಕೋಳಿ ಕೆದರಿದ ಹಾಗಿದೆ. ಅದು ಹೋಗಲಿ, ನಿನ್ನೆ ಸಿಟ್ಟಿನ ಭರದಲ್ಲಿ ರೊಟ್ಟಿಯನ್ನೇ ಮರೆತು ಹೊಟ್ಟೆಯ ಬಾಯಿ ಹೊಲಿದುಬಿಟ್ಟೆ. ಬಾಗಿಲಲ್ಲಿ ಮುಗಿಲ ನಿಂತು ನೋಡುತ್ತಿದ್ದಳು. ಹನ್ನೊಂದು ದಿನದಲ್ಲಿ ಅವಳಾಡಿದ ಮೊದಲ ಮಾತು: “ಅವ್ವಾ, ರೊಟ್ಟಿ ಇಡದನ ಹೊಲದಿಯಲ್ಲ.” ಆದರೂ ಹಾಳು ಬಿಂಕ, ತಲೆ ಎತ್ತಲಿಲ್ಲ. ಅವಳು ಒಳಗೆ ಹೋದಳು. ಆಗ ನನಗೆ ನಿನ್ನ ಮಾತು ನೆನಪಾಯಿತು ಆಯಿ. ನಿನ್ನ ಕೌದಿಯನ್ನು ಮುಗಿಸಲು ಕೂತವಳು ನಿನ್ನ ಹಟವನ್ನೇ ಮುಂದುವರಿಸುತ್ತಿದ್ದೆ.

ಬೆಳಿಗ್ಗೆ ಎದ್ದು ಆ ಹೊಲಿಗೆ ಬಿಚ್ಚಿದೆ. ಜೋಳ ಬೀಸಿ ಒಂದೇ ಒಂದು ರೊಟ್ಟಿ ಬಡಿದೆ. ಅದು ತಟ್ಟೆಯಲ್ಲಿದೆ, ಅವಳು ಆಚೆ ಕೋಣೆಯಲ್ಲಿ ಗಂಟು ಕಟ್ಟುತ್ತಿದ್ದಾಳೆ. ಹನ್ನೆರಡು ಹೆಜ್ಜೆಯ ದೂರ. ನನ್ನ ಕಾಲು ಏಳುತ್ತಿಲ್ಲವೆಂದು ನಿನಗೆ ಬರೆಯಲು ಕೂತೆ.

ನಿನ್ನ ಕಾಲದಿಂದ ಮುಂದೆ ಏನೇನಾಯಿತೆಂದು ಬರೆಯಲು ಅಂಚೆಯವರು ಬಿಡುವುದಿಲ್ಲ. ಇಷ್ಟು ಮಾತ್ರ ಬಿಟ್ಟಾರು: ಮಾದೇವಿ ಬಂದಳು. ಅವಳು ಬಂದಾಗ ಮನೆಯಲ್ಲಿ ಕೌದಿ ಇತ್ತು, ನೀನಿರಲಿಲ್ಲ. ಅವಳೂ ಕರೆಯಲಿ ಎಂದು ಕಾದಿದ್ದಳಂತೆ. ಗದಗಕ್ಕೆ ನಿಮ್ಮೂರಿಂದ ಬಸ್ಸಿನಲ್ಲಿ ಎರಡು ತಾಸು. ಆಯಿ, ನಿನ್ನ ಕಾಲಿಗೆ ಬೀಳುತ್ತೇನೆ, ಇವತ್ತೇ ಹೋಗು. ರೊಟ್ಟಿ ಕಟ್ಟಿಕೊಂಡು ಹೋಗು. ಅವಳ ಮುಂದೆ ಕೂತು ಕೌದಿಯ ಹೊಟ್ಟೆ ತುಂಬಿಸಿ, ಬಾಯಿ ಮುಚ್ಚಿ, ಅವಳಿಗೆ ಹೊದಿಸಿ ಬಾ.

ಹೋದರೆ ಏನಾಗುತ್ತದೆಂದು ನನಗೆ ಗೊತ್ತು. ಮುಗಿದ ಕೌದಿಯನ್ನು ಮಾದೇವಿ ಹೊದೆಯುತ್ತಾಳೆ, ಅವಳ ಮಕ್ಕಳು ಒದ್ದೆ ಮಾಡುತ್ತಾರೆ, ಒಗೆದೊಗೆದು ಇಪ್ಪತ್ತು ವರ್ಷಕ್ಕೆ ಚಿಂದಿಯಾಗುತ್ತದೆ. ಇದು ನನ್ನವರೆಗೆ ಬಂದದ್ದೇ ಯಾರೂ ಹೊದೆಯದ್ದರಿಂದ. ನೀನು ಬಸ್ಸು ಹತ್ತಿದರೆ ಇದು ನನ್ನ ಕೈಯಿಂದ ಮಾಯವಾಗಬಹುದು, ನನ್ನ ಮಗಳು ಬರಿಗೈಯಲ್ಲಿ ಚಳಿಗೆ ಹೋಗಬಹುದು. ನನಗೆ ಸಂಕಟವಾಗುತ್ತದೆ. ಆದರೂ ಹೋಗು. ಅವಳಿಗೆ ನಾನು ಬೇರೇನಾದರೂ ಹೊಂದಿಸುತ್ತೇನೆ, ಹೊಲಿಯಲು ಈಗ ಕೈ ಕೂತಿದೆ.

ಹಾಳೆ ಮುಗಿಯಿತು. ಕೌದಿ ಇನ್ನೂ ನನ್ನ ತೊಡೆಯ ಮೇಲೇ ಇದೆ. ಅಂದರೆ ನೀನಿನ್ನೂ ಹೊರಟಿಲ್ಲ. ನಿನಗಾಗಿ ನಾನು ಕಾಯುವುದಿಲ್ಲ ಆಯಿ. ರೊಟ್ಟಿ ಹಿಡಿದುಕೊಂಡು ಏಳುತ್ತಿದ್ದೇನೆ, ಮಗಳನ್ನು ಕರೆಯುತ್ತೇನೆ.