ಹಿಂದಿನ ಗಾಲಿಯ ಕಲ್ಲು

ಗೌಸಿಯಾ, ಕಸಬರಿಗೆ ಮುಟ್ಟುವ ಮೊದಲು ಇದನ್ನು ಓದು.

ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಕಪ್ಪಾಗಿದೆ, ಸುಟ್ಟ ವಾಸನೆ ಬರುತ್ತಿದೆ. ಹೊಸ ಎಣ್ಣೆ, ಹ್ಯಾಂಡ್‌ಬ್ರೇಕಿನ ತಂತಿ ತರಲು ಹೊಸಪೇಟೆಗೆ ಹೊರಟಿದ್ದೇನೆ.

ಅಂಗಳ ಗುಡಿಸುವಾಗ ಹಿಂದಿನ ಗಾಲಿಯ ಕಲ್ಲು ತೆಗೆಯಬೇಡ. ‘ಗೇರು ಪಾರ್ಕಿಂಗ್‌ನ್ಯಾಗ ಐತಲ್ರಿ, ಕಲ್ಲು ಯಾಕ?’ ಎಂದು ನಗುತ್ತೀ. ಆ ಪಾರ್ಕಿಂಗಿನ ಹಲ್ಲು ಸವೆದಿದೆ, ಹ್ಯಾಂಡ್‌ಬ್ರೇಕಿನ ತಂತಿಯೂ ಹರಿದಿದೆ. ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದಿರುವುದು ಕಲ್ಲೊಂದೇ.

ಶೇಂಗಾ ಸುಲಿಯಲು ಅಮ್ಮಿ ಗಾಡಿಯ ಹಿಂದೆಯೇ ಚಾಪೆ ಹಾಸುತ್ತಾಳೆ. ಕೂಗಿದರೂ ಅವಳಿಗೆ ಕೇಳಿಸುವುದಿಲ್ಲ. ಚಾಪೆಯನ್ನು ಒಳಗಿಟ್ಟಿದ್ದೇನೆ, ಬೈದರೆ ಬೈಸಿಕೋ.

ನಿನ್ನೆ ಕಲ್ಲನ್ನು ಗೋರಂಟಿ ಗಿಡದ ಪಕ್ಕದಲ್ಲಿ ಗಾಲಿಗೆ ಒತ್ತಿಟ್ಟಿದ್ದೆ. ಈಗ ನೋಡಿದರೆ, ಗಾಡಿ ಅದನ್ನು ಗಿಡ ದಾಟಿಸಿ ಕೆಳಗೆ ತಳ್ಳಿದೆ. ಗಾಲಿಗೆ ಇನ್ನೊಂದು ಕಲ್ಲನ್ನೂ ಒತ್ತಿಟ್ಟಿದ್ದೇನೆ.

ಇವತ್ತು ಅಂಗಳದಲ್ಲಿ ಕಸ ಬಿದ್ದಿರಲಿ.

ಬಾಷಾ